ಕಂದು ಕಡಲಕಳೆಯ ಉತ್ಕರ್ಷಣ ನಿರೋಧಕಗಳು

ಕಂದು ಕಡಲಕಳೆಯ ಉತ್ಕರ್ಷಣ ನಿರೋಧಕಗಳು ಎಂದರೆ ವಾಕಾಮೆ, ಕೊಂಬು, ಹಿಜಿಕಿ, ಮೊಝುಕು ಮೊದಲಾದ ಆಹಾರಯೋಗ್ಯ ಕಂದು ಕಡಲಕಳೆಗಳಲ್ಲಿ ದೊರೆಯುವ, ಜೀವಕೋಶಗಳಿಗೆ ಉತ್ಕರ್ಷಣದಿಂದ ಆಗುವ ಹಾನಿಯನ್ನು ತಡೆಯುವ ಗುಣವುಳ್ಳ ರಾಸಾಯನಿಕ ವಸ್ತುಗಳು. ಆಡುಮಾತಿನಲ್ಲಿ ಇಂತಹ ವಸ್ತುಗಳನ್ನು ಆಂಟಿ ಆಕ್ಸಿಡೆಂಟ್ ಎಂದೇ ಕರೆಯಲಾಗುತ್ತದೆ. ಇವುಗಳಲ್ಲಿ ಮುಖ್ಯವಾದವು ಫ್ಯೂಕೋಕ್ಸಾಂಥಿನ್ ಎಂಬ ವರ್ಣದ್ರವ್ಯ, ಫ್ಲೋರೋಟ್ಯಾನಿನ್‌ ಎಂಬ ಪಾಲಿಫೀನಾಲ್‌ಗಳ ಗುಂಪು ಮತ್ತು ಫ್ಯೂಕಾಯ್ಡಾನ್ ಎಂಬ ಗಂಧಕಯುಕ್ತ ಬಹುಶರ್ಕರ. ಪ್ರಯೋಗಾಲಯದ ಪರೀಕ್ಷೆಗಳಲ್ಲಿಯೂ ಇಲಿಗಳ ಮೇಲಿನ ಪ್ರಯೋಗಗಳಲ್ಲಿಯೂ ಇವು ಗಮನಾರ್ಹ ಫಲಗಳನ್ನು ತೋರಿಸಿವೆ. ಮನುಷ್ಯರ ಮೇಲೆ ನಡೆದಿರುವ ಅಧ್ಯಯನಗಳು ಮಾತ್ರ ಸಂಖ್ಯೆಯಲ್ಲಿ ಕಡಿಮೆ, ಅವಧಿಯಲ್ಲಿ ಚಿಕ್ಕವು. ಬೊಜ್ಜು, ಮಧುಮೇಹ, ಕ್ಯಾನ್ಸರ್‌ಗಳಿಗೆ ಮದ್ದೆಂದು ಮಾರಾಟವಾಗುವ ಕಡಲಕಳೆಯ ಮಾತ್ರೆ, ಪುಡಿಗಳ ವಿಷಯದಲ್ಲಿ ಈ ಅಂತರವನ್ನು ನೆನಪಿನಲ್ಲಿಡುವುದು ಅವಶ್ಯಕ.

ಹೆಸರು ಮತ್ತು ವರ್ಗೀಕರಣ

ಕಡಲಕಳೆ ಎಂಬ ಹೆಸರಿದ್ದರೂ ಇದು ಕಳೆಯೂ ಅಲ್ಲ, ನೆಲದ ಗಿಡಗಳಿಗೆ ಹತ್ತಿರದ ಸಂಬಂಧಿಯೂ ಅಲ್ಲ. ಸಮುದ್ರದಲ್ಲಿ ಬೆಳೆಯುವ ದೊಡ್ಡ ಗಾತ್ರದ ಶೈವಲಗಳಿಗೆ ಒಟ್ಟಾಗಿ ಕಡಲಕಳೆ ಅಥವಾ ಕಡಲ ಪಾಚಿ ಎನ್ನುವುದು ರೂಢಿ. ಬಣ್ಣವನ್ನು ಅನುಸರಿಸಿ ಇವುಗಳನ್ನು ಹಸಿರು, ಕೆಂಪು ಮತ್ತು ಕಂದು ಎಂದು ಮೂರಾಗಿ ವಿಂಗಡಿಸಲಾಗಿದೆ. ಕಂದು ಶೈವಲಗಳು ಫಿಯೋಫೈಸೀ ಎಂಬ ವರ್ಗಕ್ಕೆ ಸೇರುತ್ತವೆ. ವಂಶವೃಕ್ಷದಲ್ಲಿ ಇವು ಮಾವು, ಬೇವುಗಳಿಗಿಂತ ಸೂಕ್ಷ್ಮಜೀವಿಗಳಾದ ಡಯಾಟಮ್‌ಗಳಿಗೆ ಹೆಚ್ಚು ಸಮೀಪದವು. ತಂಪು ಸಮುದ್ರಗಳಲ್ಲಿ ಬೆಳೆಯುವ ಕೆಲ್ಪ್‌ ಜಾತಿಗಳಲ್ಲಿ ಕೆಲವು 45 ಮೀಟರ್‌ವರೆಗೂ ಬೆಳೆದು ನೀರಿನೊಳಗೆ ಕಾಡನ್ನೇ ನಿರ್ಮಿಸುತ್ತವೆ. ಬೆಚ್ಚನೆಯ ಸಮುದ್ರಗಳಲ್ಲಿ ಸಾರ್ಗಾಸಮ್, ಪಡೈನಾ, ಟರ್ಬಿನೇರಿಯಾ ಮೊದಲಾದ ಚಿಕ್ಕ ಜಾತಿಗಳು ಸಾಮಾನ್ಯ.

ಸಿಹಿತಿಂಡಿಗಳಲ್ಲಿ ಬಳಕೆಯಾಗುವ ಚೈನಾ ಗ್ರಾಸ್ ಅಥವಾ ಅಗರ್ ಅಗರ್ ಕೆಂಪು ಶೈವಲದಿಂದ ಬರುವಂಥದ್ದು. ಸುಶಿ ಸುತ್ತಲು ಬಳಸುವ ನೋರಿಯೂ ಕೆಂಪು ಶೈವಲವೇ. ಸ್ಪಿರುಲಿನಾ ಎಂಬುದು ಶೈವಲವೂ ಅಲ್ಲದ, ನೀಲಿ-ಹಸಿರು ಬಣ್ಣದ ಬ್ಯಾಕ್ಟೀರಿಯ. ಈ ಮೂರರಲ್ಲಿಯೂ ಇಲ್ಲಿ ವಿವರಿಸಲಾಗುವ ಫ್ಯೂಕೋಕ್ಸಾಂಥಿನ್ ಆಗಲಿ ಫ್ಲೋರೋಟ್ಯಾನಿನ್‌ಗಳಾಗಲಿ ಇರುವುದಿಲ್ಲ. ಪತ್ರಿಕೆಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಪಾಚಿ ಎಂದು ಬರೆಯುವುದರಿಂದ ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸುವ ತಪ್ಪು ಆಗಾಗ ನಡೆಯುತ್ತದೆ.

ಉತ್ಕರ್ಷಣ ಮತ್ತು ಅದರ ನಿರೋಧ

ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಹಳೆಯ ಎಣ್ಣೆ ಕಮಟು ವಾಸನೆ ಬೀರುವುದು, ಇವೆಲ್ಲ ಉತ್ಕರ್ಷಣದ ಪರಿಚಿತ ಉದಾಹರಣೆಗಳು. ದೇಹದೊಳಗೆ ಆಹಾರದಿಂದ ಶಕ್ತಿ ಬಿಡುಗಡೆಯಾಗುವಾಗ ಆಮ್ಲಜನಕದ ಕೆಲವು ಅತಿ ಚುರುಕಾದ ರೂಪಗಳು ಉಂಟಾಗುತ್ತವೆ. ಇವುಗಳಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಉಳ್ಳವುಗಳಿಗೆ ಮುಕ್ತ ರಾಡಿಕಲ್‌ಗಳು ಎಂದು ಹೆಸರು. ಇವು ಜೀವಕೋಶದ ಪೊರೆಯ ಕೊಬ್ಬನ್ನೂ ಪ್ರೋಟೀನ್‌ಗಳನ್ನೂ ಡಿಎನ್ಎಯನ್ನೂ ಘಾಸಿಗೊಳಿಸಬಲ್ಲವು. ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಅಥವಾ ಬೇರೆ ವಿಧಾನದಿಂದ ಈ ಸರಣಿಯನ್ನು ಮುರಿಯುವ ವಸ್ತುವೇ ಉತ್ಕರ್ಷಣ ನಿರೋಧಕ.

ಮುಕ್ತ ರಾಡಿಕಲ್‌ಗಳು ಸಂಪೂರ್ಣವಾಗಿ ಶತ್ರುಗಳೇನಲ್ಲ. ರೋಗಾಣುಗಳನ್ನು ಕೊಲ್ಲಲು ಬಿಳಿ ರಕ್ತಕಣಗಳು ಇವುಗಳನ್ನೇ ಅಸ್ತ್ರವಾಗಿ ಬಳಸುತ್ತವೆ. ಜೀವಕೋಶಗಳ ನಡುವಿನ ಸಂದೇಶವಹನದಲ್ಲಿಯೂ ಇವುಗಳಿಗೆ ಪಾತ್ರವಿದೆ. ದೇಹವು ತನ್ನದೇ ಆದ ಕಿಣ್ವಗಳಿಂದ ಇವುಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ನಿರೋಧಕಗಳು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಸರಳ ಲೆಕ್ಕ ದೇಹಕ್ಕೆ ಅನ್ವಯಿಸುವುದಿಲ್ಲ.

ಕಡಲಕಳೆಗಳಿಗೆ ಈ ವಸ್ತುಗಳು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಅವುಗಳ ವಾಸಸ್ಥಳದಲ್ಲಿದೆ. ದಡದ ಬಂಡೆಗಳ ಮೇಲೆ ಬೆಳೆಯುವ ಜಾತಿಗಳು ಉಬ್ಬರದ ವೇಳೆ ನೀರಿನಲ್ಲಿ ಮುಳುಗಿರುತ್ತವೆ. ಇಳಿತದ ವೇಳೆ ಅವು ಬಿಸಿಲು, ಗಾಳಿ ಮತ್ತು ನೇರಳಾತೀತ ಕಿರಣಗಳಿಗೆ ಮೈಯೊಡ್ಡಿ ಒಣಗುತ್ತವೆ. ದಿನಕ್ಕೆರಡು ಬಾರಿ ಬರುವ ಈ ಒತ್ತಡವನ್ನು ತಾಳಿಕೊಳ್ಳಲು ಅವು ಬಗೆಬಗೆಯ ರಕ್ಷಕ ವಸ್ತುಗಳನ್ನು ತಯಾರಿಸಿಕೊಳ್ಳುತ್ತವೆ.

ಫ್ಯೂಕೋಕ್ಸಾಂಥಿನ್

ಕಂದು ಕಡಲಕಳೆಗೆ ಆ ಬಣ್ಣ ಬರುವುದು ಫ್ಯೂಕೋಕ್ಸಾಂಥಿನ್‌ನಿಂದ. ಇದು ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್, ಟೊಮ್ಯಾಟೊದ ಲೈಕೋಪಿನ್‌ಗಳ ಬಳಗಕ್ಕೆ ಸೇರಿದ ಕ್ಯಾರೋಟಿನಾಯ್ಡ್. ಇದರ ಒಂದು ಅಣುವಿನಲ್ಲಿ 42 ಇಂಗಾಲ, 58 ಜಲಜನಕ ಮತ್ತು 6 ಆಮ್ಲಜನಕ ಪರಮಾಣುಗಳಿವೆ. ಜರ್ಮನಿಯ ರಸಾಯನವಿಜ್ಞಾನಿ ರಿಚರ್ಡ್ ವಿಲ್‌ಸ್ಟೇಟರ್ ಮತ್ತು ಅವರ ಸಹೋದ್ಯೋಗಿ ಪೇಜ್ 1914ರಲ್ಲಿ ಇದನ್ನು ಕಡಲಕಳೆಯಿಂದ ಬೇರ್ಪಡಿಸಿದರು. ಸಸ್ಯವರ್ಣಗಳ ಕುರಿತ ಸಂಶೋಧನೆಗಾಗಿ ವಿಲ್‌ಸ್ಟೇಟರ್ ಅವರಿಗೆ 1915ರ ನೊಬೆಲ್ ಪ್ರಶಸ್ತಿ ದೊರೆಯಿತು. ಅಣುವಿನಲ್ಲಿ ಅಲ್ಲೀನ್ ಎಂಬ ಅಪರೂಪದ ಬಂಧವಿರುವುದು ಇದರ ವೈಶಿಷ್ಟ್ಯ.

ಸಮುದ್ರದ ನೀರಿನೊಳಗೆ ಕೆಂಪು ಬೆಳಕು ಬೇಗ ಕರಗಿಹೋಗುತ್ತದೆ, ನೀಲಿ ಮತ್ತು ಹಸಿರು ಬೆಳಕು ಆಳಕ್ಕೆ ಇಳಿಯುತ್ತವೆ. ಪತ್ರಹರಿತ್ತು ಚೆನ್ನಾಗಿ ಹೀರಲಾರದ ಈ ನೀಲಿ-ಹಸಿರು ಬೆಳಕನ್ನು ಹಿಡಿದು ದ್ಯುತಿಸಂಶ್ಲೇಷಣೆಗೆ ಒದಗಿಸುವುದು ಫ್ಯೂಕೋಕ್ಸಾಂಥಿನ್‌ನ ಮೊದಲ ಕೆಲಸ. ಜೀವಂತ ಕಳೆಯಲ್ಲಿ ಇದು ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ಕಂದು ಬಣ್ಣದ ಹಸಿ ವಾಕಾಮೆಯನ್ನು ಕುದಿಯುವ ನೀರಿಗೆ ಹಾಕಿದೊಡನೆ ಅದು ಕಣ್ಣೆದುರಿನಲ್ಲಿಯೇ ಪಚ್ಚೆ ಹಸಿರಾಗುತ್ತದೆ. ಶಾಖದಿಂದ ಪ್ರೋಟೀನ್‌ನ ಹಿಡಿತ ಸಡಿಲಗೊಂಡು ವರ್ಣದ್ರವ್ಯವು ಬೆಳಕನ್ನು ಹೀರುವ ರೀತಿ ಬದಲಾಗುವುದೂ, ಅಲ್ಲಿಯವರೆಗೆ ಮರೆಯಾಗಿದ್ದ ಪತ್ರಹರಿತ್ತು ಕಾಣುವುದೂ ಇದಕ್ಕೆ ಕಾರಣ. ಬೆಳಕು, ಶಾಖ, ಗಾಳಿಗಳಿಂದ ಫ್ಯೂಕೋಕ್ಸಾಂಥಿನ್ ಕೆಡುವುದರಿಂದ ಬಿಸಿಲಿನಲ್ಲಿ ಒಣಗಿಸಿ ದೀರ್ಘಕಾಲ ಇಟ್ಟ ಕಳೆಯಲ್ಲಿ ಇದರ ಪ್ರಮಾಣ ಕುಗ್ಗುತ್ತದೆ.

ಇದರ ನಿರೋಧಕ ಶಕ್ತಿ ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಉತ್ತರ ಪರೀಕ್ಷೆಯನ್ನು ಅವಲಂಬಿಸಿದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ತಣಿಸುವುದರಲ್ಲಿ ಫ್ಯೂಕೋಕ್ಸಾಂಥಿನ್ ವಿಟಮಿನ್ ಇ ಗಿಂತ ಮುಂದಿತ್ತು. ಅದೇ ಅಧ್ಯಯನದಲ್ಲಿ ಸಿಂಗ್ಲೆಟ್ ಆಮ್ಲಜನಕವೆಂಬ ಇನ್ನೊಂದು ಚುರುಕು ರೂಪವನ್ನು ತಣಿಸುವುದರಲ್ಲಿ ಅದು ಬೀಟಾ ಕ್ಯಾರೋಟಿನ್‌ಗಿಂತ ಹಿಂದೆ ಬಿದ್ದಿತು. ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಮೊದಲನೆಯ ಬಗೆಯ ಫಲಿತಾಂಶಗಳಷ್ಟೇ ಕಾಣಸಿಗುತ್ತವೆ.

ತಿಂದ ಫ್ಯೂಕೋಕ್ಸಾಂಥಿನ್ ಇದ್ದಂತೆಯೇ ರಕ್ತ ಸೇರುವುದಿಲ್ಲ. ಕರುಳಿನಲ್ಲಿ ಅದು ಫ್ಯೂಕೋಕ್ಸಾಂಥಿನಾಲ್ ಆಗಿ, ಪಿತ್ತಜನಕಾಂಗದಲ್ಲಿ ಅಮರೂಸಿಯಾಕ್ಸಾಂಥಿನ್ ಆಗಿ ಮಾರ್ಪಡುತ್ತದೆ. ಇದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆಯಂಶವಿರುವ ಊಟದೊಡನೆ ಮಾತ್ರ ಸ್ವಲ್ಪಮಟ್ಟಿಗೆ ಹೀರಲ್ಪಡುತ್ತದೆ. ಜಪಾನಿನಲ್ಲಿ ಒಂದು ವಾರ ಕಾಲ ಪ್ರತಿದಿನ ಬೇಯಿಸಿದ ವಾಕಾಮೆಯನ್ನು ತಿಂದವರ ರಕ್ತವನ್ನು 2008ರ ಅಧ್ಯಯನವೊಂದರಲ್ಲಿ ಪರೀಕ್ಷಿಸಿದಾಗ ಒಂದು ಲೀಟರ್ ಪ್ಲಾಸ್ಮಾದಲ್ಲಿ ಒಂದು ನ್ಯಾನೋಮೋಲ್‌ಗಿಂತಲೂ ಕಡಿಮೆ ಫ್ಯೂಕೋಕ್ಸಾಂಥಿನಾಲ್ ಕಂಡುಬಂದಿತು. ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಪ್ರಯೋಗ ನಡೆಸುವಾಗ ಬಳಸುವ ಪ್ರಮಾಣ ಸಾಮಾನ್ಯವಾಗಿ ಮೈಕ್ರೋಮೋಲ್‌ಗಳಲ್ಲಿರುತ್ತದೆ, ಅಂದರೆ ಸಾವಿರ ಪಟ್ಟಿಗೂ ಹೆಚ್ಚು. ತಟ್ಟೆಯಲ್ಲಿ ಸಾಧ್ಯವಾದದ್ದು ಊಟದಿಂದಲೂ ಸಾಧ್ಯ ಎಂದು ಹೇಳುವ ಮುನ್ನ ಈ ಅಂತರವನ್ನು ದಾಟಬೇಕಾಗುತ್ತದೆ.

ಫ್ಯೂಕೋಕ್ಸಾಂಥಿನ್‌ಗೆ ತೂಕ ಇಳಿಸುವ ವಸ್ತುವೆಂಬ ಖ್ಯಾತಿ ಬಂದದ್ದು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಿಂದ. ವಾಕಾಮೆಯಿಂದ ತೆಗೆದ ಫ್ಯೂಕೋಕ್ಸಾಂಥಿನ್ ತಿಂದ ಇಲಿಗಳ ಹೊಟ್ಟೆಯ ಬಿಳಿ ಕೊಬ್ಬಿನಲ್ಲಿ ಯುಸಿಪಿ-1 ಎಂಬ ಪ್ರೋಟೀನ್ ಕಾಣಿಸಿಕೊಂಡು ಕೊಬ್ಬಿನ ತೂಕ ಇಳಿಯಿತು. ಶಕ್ತಿಯನ್ನು ಕೂಡಿಡದೆ ಶಾಖವಾಗಿ ಹೊರಹಾಕಿಸುವ ಪ್ರೋಟೀನ್ ಇದು. ಆದರೆ ಇಲಿಗಳ ದೇಹದಲ್ಲಿ ಫ್ಯೂಕೋಕ್ಸಾಂಥಿನ್‌ನ ಉತ್ಪನ್ನಗಳು ಕೊಬ್ಬಿನ ಅಂಗಾಂಶದಲ್ಲಿ ಸಂಗ್ರಹವಾಗುವಷ್ಟು ಸುಲಭವಾಗಿ ಹೀರಲ್ಪಡುತ್ತವೆ. ಮನುಷ್ಯರಲ್ಲಿ ಹೀರಿಕೆ ಎಷ್ಟು ಅಲ್ಪವೆಂಬುದನ್ನು ಮೇಲೆ ಹೇಳಲಾಗಿದೆ.

ಫ್ಲೋರೋಟ್ಯಾನಿನ್‌ಗಳು

ಚಹಾ, ಅಡಿಕೆ, ನೆಲ್ಲಿಕಾಯಿಗಳ ಒಗರು ರುಚಿಗೆ ಕಾರಣವಾದ ಟ್ಯಾನಿನ್‌ಗಳಿಗೆ ಕಡಲಿನಲ್ಲಿ ಸಾಟಿಯಾದವು ಫ್ಲೋರೋಟ್ಯಾನಿನ್‌ಗಳು. ಫ್ಲೋರೋಗ್ಲೂಸಿನಾಲ್ ಎಂಬ ಚಿಕ್ಕ ಅಣು ಒಂದಕ್ಕೊಂದು ಜೋಡಿಸಿಕೊಂಡು ಇವು ರಚನೆಯಾಗುತ್ತವೆ. ಇವು ಕಂದು ಶೈವಲಗಳ ವಿಶಿಷ್ಟ ಉತ್ಪನ್ನ, ನೆಲದ ಸಸ್ಯಗಳಲ್ಲಿ ದೊರೆಯುವುದಿಲ್ಲ. ಕಳೆಯ ಜೀವಕೋಶಗಳಲ್ಲಿ ಫೈಸೋಡ್ ಎಂಬ ಪುಟ್ಟ ಚೀಲಗಳೊಳಗೆ ಇವು ತುಂಬಿರುತ್ತವೆ. ನೇರಳಾತೀತ ಕಿರಣಗಳಿಂದ ಕಾಪಾಡುವುದು ಹಾಗೂ ಕಡಲ ಬಸವನಹುಳುಗಳಂತಹ ಮೇಯುವ ಪ್ರಾಣಿಗಳನ್ನು ದೂರವಿಡುವುದು ಇವುಗಳ ಕೆಲಸ.

ಕೊರಿಯಾ ಮತ್ತು ಜಪಾನ್ ತೀರದ ಎಕ್ಲೋನಿಯಾ ಕಾವಾ ಎಂಬ ಕಡಲಕಳೆಯ ಎಕಾಲ್ ಮತ್ತು ಡೈಎಕಾಲ್ ಈ ಗುಂಪಿನಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದವು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಫ್ಲೋರೋಟ್ಯಾನಿನ್‌ಗಳು ತಡೆಯುತ್ತವೆ ಎಂಬ ಕಾರಣದಿಂದ ಮಧುಮೇಹದ ಸಂದರ್ಭದಲ್ಲಿಯೂ ಇವುಗಳನ್ನು ಪರಿಶೀಲಿಸಲಾಗಿದೆ. ಎಕ್ಲೋನಿಯಾ ಕಾವಾದ ಫ್ಲೋರೋಟ್ಯಾನಿನ್‌ಗಳನ್ನು ಹೊಸ ಆಹಾರ ಎಂಬ ವಿಭಾಗದಲ್ಲಿ ಯುರೋಪಿಯನ್ ಒಕ್ಕೂಟ ಪರಿಶೀಲಿಸಿ, ವಯಸ್ಕರಿಗೆ ದಿನಕ್ಕೆ 263 ಮಿಲಿಗ್ರಾಮ್ ಮಿತಿಯೊಡನೆ ಒಪ್ಪಿಗೆ ನೀಡಿದೆ. ಈ ಬಗೆಯ ಒಪ್ಪಿಗೆ ಸುರಕ್ಷತೆಗೆ ಸಂಬಂಧಿಸಿದ್ದೇ ಹೊರತು ರೋಗ ಗುಣಪಡಿಸುತ್ತದೆ ಎಂಬುದಕ್ಕೆ ಪ್ರಮಾಣಪತ್ರವಲ್ಲ.

ಫ್ಯೂಕಾಯ್ಡಾನ್

ಕಂದು ಕಡಲಕಳೆಯ ಮೈಮೇಲಿನ ಲೋಳೆಯಲ್ಲಿ ದೊರೆಯುವ ಈ ಬಹುಶರ್ಕರವನ್ನು ಸ್ವೀಡನ್ನಿನ ಹಾರಾಲ್ಡ್ ಕೈಲಿನ್ 1913ರಲ್ಲಿ ಗುರುತಿಸಿದರು. ಓಕಿನಾವಾದ ಮೊಝುಕುವಿನಲ್ಲಿ ಇದು ಹೇರಳ. ಉತ್ಕರ್ಷಣ ನಿರೋಧಕ ಗುಣ ಇದಕ್ಕೆ ಇದ್ದರೂ ಹೆಚ್ಚು ಖಚಿತವಾಗಿ ತಿಳಿದಿರುವುದು ಹೆಪಾರಿನ್‌ನಂತೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣ.

ಮನುಷ್ಯರ ಮೇಲಿನ ಅಧ್ಯಯನಗಳು

ಬೊಜ್ಜು ಇದ್ದ, ಮಧುಮೇಹವಿಲ್ಲದ 151 ಮಹಿಳೆಯರ ಮೇಲೆ 16 ವಾರ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಫ್ಯೂಕೋಕ್ಸಾಂಥಿನ್ ಇದ್ದ ಮಾತ್ರೆ ಸೇವಿಸಿದವರ ತೂಕವೂ ಪಿತ್ತಜನಕಾಂಗದ ಕೊಬ್ಬೂ ಇಳಿದವು. ಮಾರಾಟಗಾರರು ಹೆಚ್ಚಾಗಿ ಉಲ್ಲೇಖಿಸುವುದು ಇದನ್ನೇ. ಆದರೆ ಆ ಮಾತ್ರೆಯಲ್ಲಿ ದಾಳಿಂಬೆ ಬೀಜದ ಎಣ್ಣೆಯೂ ಸೇರಿತ್ತು. ಎಕ್ಲೋನಿಯಾ ಕಾವಾದ ಪಾಲಿಫೀನಾಲ್ ಕುರಿತು ಕೊರಿಯಾದಲ್ಲಿ ಅಧಿಕ ತೂಕದ 97 ಮಂದಿಯ ಮೇಲೆ 12 ವಾರ ನಡೆದ ಇನ್ನೊಂದು ಪ್ರಯೋಗದಲ್ಲಿ ದೇಹದ ಕೊಬ್ಬು ಮತ್ತು ಕೊಲೆಸ್ಟರಾಲ್ ತುಸು ಇಳಿದದ್ದು ವರದಿಯಾಗಿದೆ.

ಉತ್ಕರ್ಷಣದ ಹಾನಿಯನ್ನೇ ನೇರವಾಗಿ ಅಳೆದ ಪ್ರಯೋಗಗಳು ಇನ್ನೂ ಕಡಿಮೆ. ಅಧಿಕ ತೂಕ ಅಥವಾ ಬೊಜ್ಜು ಇದ್ದ ಸುಮಾರು 80 ಮಂದಿಗೆ ಆಸ್ಕೊಫಿಲಮ್ ಎಂಬ ಕಂದು ಕಳೆಯ ಪಾಲಿಫೀನಾಲ್ ಸಾರವನ್ನು ಎಂಟು ವಾರ ನೀಡಿ ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಬೊಜ್ಜು ಇದ್ದವರ ಉಪಗುಂಪಿನಲ್ಲಿ ಮಾತ್ರ ಡಿಎನ್ಎ ಹಾನಿ ಸ್ವಲ್ಪ ಕಡಿಮೆಯಾಗಿ, ಉರಿಯೂತ ಮೊದಲಾದ ಇತರ ಸೂಚಕಗಳಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ.

ಆಹಾರವಾಗಿ ಕಡಲಕಳೆ ತಿನ್ನುವವರ ಆರೋಗ್ಯ ಬೇರೆಯದೇ ಪ್ರಶ್ನೆ. ಜಪಾನಿನ ವಿವಿಧ ಭಾಗಗಳಲ್ಲಿ 86,000ಕ್ಕೂ ಹೆಚ್ಚು ಜನರನ್ನು ಸುಮಾರು ಎರಡು ದಶಕ ಹಿಂಬಾಲಿಸಿದ ಸಮೀಕ್ಷೆಯ ವರದಿಯೊಂದು 2019ರಲ್ಲಿ ಹೊರಬಂದಿತು. ಅದರ ಪ್ರಕಾರ ಹೆಚ್ಚಾಗಿ ಕಡಲಕಳೆ ತಿನ್ನುವವರಲ್ಲಿ ರಕ್ತಪೂರೈಕೆಯ ಕೊರತೆಯಿಂದ ಬರುವ ಹೃದ್ರೋಗ ಕಡಿಮೆ, ಪಾರ್ಶ್ವವಾಯುವಿನಲ್ಲಿ ಮಾತ್ರ ಅಂತಹ ವ್ಯತ್ಯಾಸವಿಲ್ಲ. ಇದೇ ಸಮೀಕ್ಷೆಯ ಮಹಿಳೆಯರನ್ನು ಕುರಿತ 2012ರ ವರದಿಯು, ಪ್ರತಿನಿತ್ಯವೆಂಬಂತೆ ಕಡಲಕಳೆ ತಿನ್ನುವವರಲ್ಲಿ, ಅದರಲ್ಲಿಯೂ ಮುಟ್ಟು ನಿಂತವರಲ್ಲಿ, ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಹೆಚ್ಚೆಂದು ತಿಳಿಸಿತ್ತು. ಇಂತಹ ಸಮೀಕ್ಷೆಗಳು ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನು ಸಿದ್ಧಪಡಿಸುವುದಿಲ್ಲ. ಹೃದಯಕ್ಕೆ ಒಳಿತಾಗಿದ್ದರೆ ಅದರಲ್ಲಿ ನಾರಿನಂಶ, ಪೊಟ್ಯಾಸಿಯಮ್, ಮೀನು-ತರಕಾರಿಗಳಿಂದ ಕೂಡಿದ ಊಟದ ಒಟ್ಟು ಕ್ರಮ ಇವುಗಳ ಪಾಲೂ ಇರಬಹುದು.

ಬೀಟಾ ಕ್ಯಾರೋಟಿನ್ ಪ್ರಸಂಗ

ಉತ್ಕರ್ಷಣ ನಿರೋಧಕಗಳನ್ನು ಮಾತ್ರೆಯಾಗಿ ನೀಡುವುದರ ಬಗ್ಗೆ ವೈದ್ಯವಿಜ್ಞಾನ ಎಚ್ಚರಿಕೆ ತಾಳಿದ್ದಕ್ಕೆ ಫ್ಯೂಕೋಕ್ಸಾಂಥಿನ್‌ನ ಬಳಗದ್ದೇ ಆದ ಬೀಟಾ ಕ್ಯಾರೋಟಿನ್‌ನ ಇತಿಹಾಸ ಕಾರಣ. ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಇರುವುದನ್ನು ಕಂಡು, ಅವುಗಳಲ್ಲಿರುವ ಬೀಟಾ ಕ್ಯಾರೋಟಿನ್ ಒಂದನ್ನೇ ಕೊಟ್ಟರೆ ಸಾಕಲ್ಲವೇ ಎಂದು ಯೋಚಿಸಲಾಯಿತು. ಫಿನ್‌ಲ್ಯಾಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ, ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಬೀಟಾ ಕ್ಯಾರೋಟಿನ್ ಜೊತೆಗೆ ವಿಟಮಿನ್ ಎ ಯನ್ನೂ ನೀಡುತ್ತಿದ್ದ, 18,000ಕ್ಕೂ ಹೆಚ್ಚು ಮಂದಿ ಪಾಲ್ಗೊಂಡಿದ್ದ ಅಮೆರಿಕದ ಇನ್ನೊಂದು ಪ್ರಯೋಗವನ್ನು ಇಂಥದೇ ಫಲಿತಾಂಶದ ಕಾರಣ 1996ರ ಜನವರಿಯಲ್ಲಿ ನಡುವೆಯೇ ನಿಲ್ಲಿಸಲಾಯಿತು. ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಂಕಿಗಳಲ್ಲಿ ನೀಡುತ್ತಿದ್ದ ಓಆರ್‌ಎಸಿ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿತು. ಪರೀಕ್ಷಾನಳಿಕೆಯ ಅಂಕಿಗಳು ದೇಹದೊಳಗಿನ ಪರಿಣಾಮವನ್ನು ಸೂಚಿಸುವುದಿಲ್ಲ, ಮಾರಾಟಗಾರರು ಅವುಗಳನ್ನು ದುರುಪಯೋಗಪಡಿಸಿಕೊಳ್ಳುತ್ತಿದ್ದಾರೆ ಎಂಬುದು ಅದು ನೀಡಿದ ಕಾರಣ.

ಅಯೋಡಿನ್

ಕಡಲಕಳೆಗೂ ಅಯೋಡಿನ್‌ಗೂ ಇರುವ ನಂಟು ಹಳೆಯದು. ಬರ್ನಾರ್ಡ್ ಕೂರ್ತ್ವಾ 1811ರಲ್ಲಿ ಈ ಧಾತುವನ್ನು ಮೊದಲು ಕಂಡದ್ದೇ ಕಡಲಕಳೆಯ ಬೂದಿಯಲ್ಲಿ. ಜಿನೀವಾದ ವೈದ್ಯ ಕ್ವಾಂಡೆ 1820ರಲ್ಲಿ ಗಳಗಂಡಕ್ಕೆ ಅಯೋಡಿನ್ ನೀಡಿದರು. ಅದಕ್ಕೂ ಎಷ್ಟೋ ಮೊದಲು ಚೀನಾದ ವೈದ್ಯರು ಗಳಗಂಡಕ್ಕೆ ಕಡಲಕಳೆಯನ್ನು ಔಷಧವಾಗಿ ಕೊಡುತ್ತಿದ್ದರು.

ಲ್ಯಾಮಿನೇರಿಯಾ ಜಾತಿಯ ಕೆಲ್ಪ್‌ಗಳು ಸಮುದ್ರದ ನೀರಿನಲ್ಲಿರುವುದಕ್ಕಿಂತ 30,000 ಪಟ್ಟಿನವರೆಗೆ ಅಯೋಡಿನ್ನನ್ನು ಒಟ್ಟುಗೂಡಿಸಿಕೊಳ್ಳುತ್ತವೆ. ಏತಕ್ಕಾಗಿ ಎಂಬುದು ಬಹುಕಾಲ ಒಗಟಾಗಿತ್ತು. 2008ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಕೆಲ್ಪ್‌ಗೆ ಅಯೋಡೈಡ್ ಒಂದು ಉತ್ಕರ್ಷಣ ನಿರೋಧಕ. ಇಳಿತದ ವೇಳೆ ಗಾಳಿಗೆ ಒಡ್ಡಿಕೊಂಡ ಕಳೆ ಅಯೋಡೈಡನ್ನು ಹೊರಸೂಸಿ, ಓಝೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗಳಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ಕಳೆಯ ಪಾಲಿಗೆ ರಕ್ಷಕವಾದ ಇದೇ ವಸ್ತು, ಅದನ್ನು ಅತಿಯಾಗಿ ತಿಂದ ಮನುಷ್ಯನ ಥೈರಾಯ್ಡ್ ಗ್ರಂಥಿಗೆ ಅಪಾಯಕಾರಿ.

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಮ್, ಗರ್ಭಿಣಿಯರಿಗೆ 250 ಮೈಕ್ರೋಗ್ರಾಮ್ ಅಯೋಡಿನ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುರಕ್ಷಿತ ಮೇಲ್ಮಿತಿ ಯುರೋಪಿನಲ್ಲಿ 600, ಅಮೆರಿಕದಲ್ಲಿ 1,100 ಮೈಕ್ರೋಗ್ರಾಮ್. ಒಣಗಿದ ಕೊಂಬುವಿನ ಒಂದೇ ಗ್ರಾಮಿನಲ್ಲಿ 2,000 ಮೈಕ್ರೋಗ್ರಾಮ್‌ಗೂ ಹೆಚ್ಚು ಅಯೋಡಿನ್ ಇರುವುದುಂಟು. ವಾಕಾಮೆಯಲ್ಲಿ ಇದು ಬಹಳ ಕಡಿಮೆ. ಕುದಿಸಿದಾಗ ಬಹುಪಾಲು ಅಯೋಡಿನ್ ನೀರಿಗೆ ಇಳಿಯುತ್ತದೆ. ನೀರನ್ನು ಚೆಲ್ಲಿದರೆ ಪ್ರಮಾಣ ತಗ್ಗುತ್ತದೆ, ಅದನ್ನೇ ಸಾರಾಗಿ ಕುಡಿದರೆ ಅಯೋಡಿನ್ ಹೊಟ್ಟೆ ಸೇರುತ್ತದೆ.

ಅಯೋಡಿನ್ ಕೊರತೆಯಿಂದ ಗಳಗಂಡ ಬರುವುದು ಎಲ್ಲರಿಗೂ ತಿಳಿದದ್ದು. ಹೆಚ್ಚಾದರೂ ಅದೇ ಗಳಗಂಡ ಬರಬಹುದು ಎಂಬುದು ಅಷ್ಟು ಪ್ರಚಲಿತವಲ್ಲ. ಹೊಕ್ಕೈಡೊ ದ್ವೀಪದ ತೀರದಲ್ಲಿ ಕೊಂಬುವನ್ನು ವಿಪರೀತವಾಗಿ ತಿನ್ನುತ್ತಿದ್ದ ಊರುಗಳ ಜನರಲ್ಲಿ ಇಂತಹ ಗಳಗಂಡವಿರುವುದನ್ನು 1965ರಲ್ಲಿ ವರದಿ ಮಾಡಲಾಯಿತು. ಅಯೋಡಿನ್ ಮಿತಿಮೀರಿದಾಗ ಗ್ರಂಥಿಯು ಹಾರ್ಮೋನ್ ತಯಾರಿಕೆಯನ್ನು ನಿಲ್ಲಿಸುತ್ತದೆ. 1948ರಲ್ಲಿ ವಿವರಿಸಲಾದ ಈ ವಿದ್ಯಮಾನಕ್ಕೆ ವುಲ್ಫ್-ಚೈಕಾಫ್ ಪರಿಣಾಮ ಎಂದು ಹೆಸರು. ಆರೋಗ್ಯವಂತರಲ್ಲಿ ಗ್ರಂಥಿ ಕೆಲವು ದಿನಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಮೊದಲೇ ಥೈರಾಯ್ಡ್ ತೊಂದರೆ ಇದ್ದವರಲ್ಲಿ, ಗರ್ಭಸ್ಥ ಶಿಶುಗಳಲ್ಲಿ ಮತ್ತು ಹಸುಳೆಗಳಲ್ಲಿ ಅದು ಸುಧಾರಿಸದೆ ಹೋಗಬಹುದು. ಆಸ್ಟ್ರೇಲಿಯಾದಲ್ಲಿ ಕೊಂಬು ಬೆರೆಸಿದ್ದ ಸೋಯಾ ಹಾಲೊಂದನ್ನು ಕುಡಿದವರಲ್ಲಿ ಥೈರಾಯ್ಡ್ ಏರುಪೇರು ಕಂಡುಬಂದು, 2009ರ ಕೊನೆಯಲ್ಲಿ ಆ ಉತ್ಪನ್ನವನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿಯೇ ಅನೇಕರು ಅದನ್ನು ಕುಡಿಯುತ್ತಿದ್ದರು.

ಇತರ ಎಚ್ಚರಿಕೆಗಳು

ಹಿಜಿಕಿಯಲ್ಲಿ ವಿಷಕಾರಿಯಾದ ನಿರವಯವ ಆರ್ಸೆನಿಕ್ ಹೆಚ್ಚಾಗಿರುವುದರಿಂದ ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿ ಸಲಹೆ ನೀಡಿತು. ಕೆನಡಾ ಅದಕ್ಕೂ ಮೊದಲೇ ಇಂತಹ ಸೂಚನೆ ನೀಡಿತ್ತು. ಜಪಾನಿನಲ್ಲಿ ಇದನ್ನು ನೆನೆಸಿ, ಬೇಯಿಸಿ, ನೀರು ಚೆಲ್ಲಿ ಬಳಸುವ ಪದ್ಧತಿಯಿದೆ, ಇದರಿಂದ ಆರ್ಸೆನಿಕ್ ಸಾಕಷ್ಟು ತಗ್ಗುತ್ತದೆ. ವಾಕಾಮೆ ಮುಂತಾದವುಗಳಲ್ಲಿ ವಿಟಮಿನ್ ಕೆ ಇರುವುದರಿಂದ ವಾರ್ಫರಿನ್ ಸೇವಿಸುವವರು ಇವುಗಳನ್ನು ಇದ್ದಕ್ಕಿದ್ದಂತೆ ಹೆಚ್ಚು ತಿನ್ನುವುದು ಸರಿಯಲ್ಲ. ರಕ್ತ ತಿಳಿಗೊಳಿಸುವ ಔಷಧ ತೆಗೆದುಕೊಳ್ಳುವವರಿಗೆ ಫ್ಯೂಕಾಯ್ಡಾನ್ ಮಾತ್ರೆಗಳ ವಿಷಯದಲ್ಲಿಯೂ ವೈದ್ಯರ ಸಲಹೆ ಅಗತ್ಯ.

ಆಹಾರವಾಗಿ

ಪೂರ್ವ ಏಷ್ಯಾದಲ್ಲಿ ಇವು ಔಷಧವಲ್ಲ, ನಿತ್ಯದ ಊಟ. ಜಪಾನಿನ ದಾಶಿ ಎಂಬ ಸಾರಿಗೆ ಕೊಂಬುವೇ ಆಧಾರ. ಆ ಸಾರಿನ ರುಚಿಯ ಮೂಲವನ್ನು ಹುಡುಕುತ್ತ ಕಿಕುನೇ ಇಕೆಡಾ 1908ರಲ್ಲಿ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಕೊರಿಯಾದಲ್ಲಿ ಬಾಣಂತಿಯರಿಗೆ ಮಿಯೋಕ್-ಗುಕ್ ಎಂಬ ವಾಕಾಮೆಯ ಸಾರನ್ನು ಉಣಬಡಿಸುವುದು ಸಂಪ್ರದಾಯ. ತಾಯಿಯ ಆ ಸಾರಿನ ನೆನಪಿಗಾಗಿ ಹುಟ್ಟುಹಬ್ಬದ ದಿನವೂ ಅದನ್ನೇ ಉಣ್ಣುತ್ತಾರೆ. ಬಾಣಂತಿ ದಿನಕ್ಕೆ ಹಲವು ಬಾರಿ ಇದನ್ನು ಸೇವಿಸಿದರೆ ಎದೆಹಾಲಿನ ಮೂಲಕ ಮಗುವಿಗೆ ಹೋಗುವ ಅಯೋಡಿನ್ ಹೆಚ್ಚುತ್ತದೆ ಎಂಬ ಕಾರಣಕ್ಕೆ ಅಲ್ಲಿನ ವೈದ್ಯರು ಈಗ ಈ ಪದ್ಧತಿಯನ್ನು ಪರಿಶೀಲಿಸುತ್ತಿದ್ದಾರೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಸಾರ್ಗಾಸಮ್ ಮತ್ತು ಟರ್ಬಿನೇರಿಯಾಗಳನ್ನು ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದಲ್ಲಿ ಸಂಗ್ರಹಿಸಲಾಗುತ್ತದೆ. ಇವು ಹೋಗುವುದು ಊಟದ ತಟ್ಟೆಗಲ್ಲ, ಆಲ್ಜಿನೇಟ್ ಎಂಬ ಅಂಟು ತಯಾರಿಸುವ ಕಾರ್ಖಾನೆಗಳಿಗೆ ಮತ್ತು ಗೊಬ್ಬರಕ್ಕೆ. ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಕಡಲಕಳೆಗಳ ಕುರಿತು ದೀರ್ಘಕಾಲದಿಂದ ಕೆಲಸ ಮಾಡುತ್ತಿದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಡಲ್‌ಮಿನ್ ಎಂಬ ಹೆಸರಿನಲ್ಲಿ ಕಡಲಕಳೆಯ ಸಾರಗಳ ಪೂರಕ ಆಹಾರಗಳನ್ನು ರೂಪಿಸಿದೆ.

ಕಾರವಾರ ಮೊದಲಾದ ಕಡೆ ಬಂಡೆಗಳ ಮೇಲೆ ಸಾರ್ಗಾಸಮ್ ಮತ್ತು ಬೀಸಣಿಗೆಯಾಕಾರದ ಪಡೈನಾ ಬೆಳೆಯುತ್ತವೆಯಾದರೂ ಕರ್ನಾಟಕದ ಕರಾವಳಿಯ ಅಡುಗೆಯಲ್ಲಿ ಕಂದು ಕಡಲಕಳೆಗೆ ಸ್ಥಾನವಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಪಡೈನಾ ಟೆಟ್ರಾಸ್ಟ್ರೊಮ್ಯಾಟಿಕಾ ಎಂಬ ಜಾತಿಯಿಂದ ಫ್ಯೂಕೋಕ್ಸಾಂಥಿನ್ ತೆಗೆದು, ವಿಟಮಿನ್ ಎ ಕೊರತೆಯುಂಟಾಗಿದ್ದ ಇಲಿಗಳಿಗೆ ನೀಡಿ, ಬೀಟಾ ಕ್ಯಾರೋಟಿನ್‌ನೊಡನೆ ಹೋಲಿಸಿ ನೋಡಿದರು. ಕೊರತೆಯಿಂದ ಉಂಟಾದ ಉತ್ಕರ್ಷಣದ ಹಾನಿಯನ್ನು ಅದು ತಗ್ಗಿಸಿತೆಂದು 2009ರಲ್ಲಿ ಅವರು ವರದಿ ಮಾಡಿದ್ದಾರೆ.

ಗಳಗಂಡಕ್ಕೆ ಹೆಸರಾಗಿದ್ದ ಕೊಡಗು, ಚಿಕ್ಕಮಗಳೂರುಗಳಂತಹ ಮಲೆನಾಡು ಜಿಲ್ಲೆಗಳಲ್ಲಿ ಅಯೋಡಿನ್ ಕೊರತೆಯನ್ನು ನೀಗಿಸಲು ಆಯ್ದುಕೊಂಡ ಮಾರ್ಗ ಕಡಲಕಳೆಯಲ್ಲ, ಅಯೋಡಿನ್‌ಯುಕ್ತ ಉಪ್ಪು. ಮನೆ ತಲುಪುವ ಉಪ್ಪಿನ ಪ್ರತಿ ಗ್ರಾಮಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಮ್ ಅಯೋಡಿನ್ ಇರಬೇಕೆಂಬುದು ನಿಯಮ. ದಿನಕ್ಕೆ 10 ಗ್ರಾಮ್ ಉಪ್ಪು ತಿನ್ನುವ ವ್ಯಕ್ತಿಗೆ ಇದರಿಂದ 150 ಮೈಕ್ರೋಗ್ರಾಮ್ ದೊರೆಯುತ್ತದೆ. ಆ ವ್ಯಕ್ತಿ ಅದರ ಮೇಲೆ ಕೆಲ್ಪ್ ಮಾತ್ರೆಯನ್ನೂ ಸೇವಿಸಿದರೆ ಮಾತ್ರೆಯ ಅಯೋಡಿನ್ ಪೂರ್ತಿಯಾಗಿ ಅಗತ್ಯಕ್ಕೆ ಮೀರಿದ್ದಾಗುತ್ತದೆ.